ನನ್ನ ಎಡಗಣ್ಣಿಗೆ ಉರಿಯೂತ ಬಂದ ವರ್ಷ

ಮೊದಲು ಬಂದದ್ದು ನೋವು. ನೇರ ನೋಡುತ್ತಾ ಕೂತರೆ ಏನೂ ಇಲ್ಲ. ಎಡಗಣ್ಣನ್ನು ಪಕ್ಕಕ್ಕೆ ಹೊರಳಿಸಿದರೆ ಗುಡ್ಡೆಯ ಹಿಂದೆ ದಾರ ಕಟ್ಟಿ ಎಳೆದ ಹಾಗೆ ಚುಳ್ ಎನ್ನುತ್ತಿತ್ತು. ನಿದ್ದೆ ಕಡಿಮೆಯಾಗಿದೆ, ಅದಕ್ಕೇ ಇರಬೇಕು ಅಂದುಕೊಂಡು ಎರಡು ದಿನ ಸುಮ್ಮನಿದ್ದೆ.

ಮೂರನೇ ದಿನ ಓದುವಾಗ ಅಕ್ಷರಗಳ ನಡುವೆ ಒಂದು ಮಬ್ಬು ಕಲೆ ಬಂತು. ಕಣ್ಣುಜ್ಜಿಕೊಂಡೆ, ಹೋಗಲಿಲ್ಲ. ಬಲಗಣ್ಣು ಮುಚ್ಚಿ ನೋಡಿದೆ. ಪುಟದ ನಡುಭಾಗ ಹೊಗೆ ಕವಿದಂತಿತ್ತು, ಅಂಚುಗಳು ಮಾತ್ರ ಕಾಣುತ್ತಿದ್ದವು. ಮೇಜಿನ ಮೇಲೆ ಕೆಂಪು ರಟ್ಟಿನ ನೋಟ್‌ಬುಕ್ ಇತ್ತು. ಬಲಗಣ್ಣಿಗೆ ಅದು ಕಡು ಕೆಂಪು. ಎಡಗಣ್ಣಿಗೆ ಬಹಳ ದಿನ ಬಿಸಿಲಲ್ಲಿ ಬಿದ್ದು ಬಣ್ಣ ಬಿಟ್ಟ ಬಟ್ಟೆಯ ಹಾಗೆ. ನನಗೆ ನಿಜವಾಗಿ ಹೆದರಿಕೆ ಆದದ್ದು ಆ ಕೆಂಪು ನೋಡಿ. ಮಬ್ಬು ಕಂಡರೆ ಪೊರೆ, ಧೂಳು, ಕನ್ನಡಕ ಅಂತ ಏನಾದರೂ ಕಾರಣ ಹುಡುಕಿಕೊಳ್ಳಬಹುದು. ಒಂದೇ ವಸ್ತುವಿಗೆ ಎರಡು ಕಣ್ಣು ಎರಡು ಬಣ್ಣ ಹೇಳಿದರೆ ಏನು ಅಂದುಕೊಳ್ಳುವುದು?

ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕಣ್ಣಿನ ಮುಂಭಾಗ ನೋಡಿದರು, ಒತ್ತಡ ಅಳೆದರು, ಒಳಗೆ ಬೆಳಕು ಬಿಟ್ಟು ನೋಡಿದರು. ಎಲ್ಲವೂ ಸರಿಯಾಗಿದೆ, ಕಣ್ಣು ಒಣಗಿದೆ ಅಷ್ಟೇ ಎಂದು ಹನಿ ಔಷಧಿ ಬರೆದುಕೊಟ್ಟರು. ಬಣ್ಣದ ವಿಷಯ ನಾನು ಹೇಳಿದ್ದೆ. ಅದರ ಬಗ್ಗೆ ಅವರು ಏನೂ ಕೇಳಲಿಲ್ಲ. ಹನಿ ಹಾಕಿಕೊಂಡು ಇನ್ನೂ ಮೂರು ದಿನ ಕಳೆದೆ. ಅಷ್ಟರಲ್ಲಿ ಎಡಗಣ್ಣಿನಲ್ಲಿ ಎದುರಿಗೆ ನಿಂತವರ ಮುಖವೂ ಗುರುತು ಸಿಗದ ಹಾಗಾಯಿತು.

ಎರಡನೇ ಡಾಕ್ಟರು ನರ ಮತ್ತು ಕಣ್ಣು ಎರಡನ್ನೂ ಬಲ್ಲವರು. ಅವರು ಮೊದಲು ಕೇಳಿದ್ದೇ, "ಕಣ್ಣು ಆಡಿಸಿದರೆ ನೋಯುತ್ತಾ? ಕೆಂಪು ಬಣ್ಣ ಹೇಗೆ ಕಾಣುತ್ತೆ?" ಆಮೇಲೆ ಕೋಣೆ ಕತ್ತಲು ಮಾಡಿ ಒಂದು ಸಣ್ಣ ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸಿದರು. ಜೊತೆಗೆ ಬಂದಿದ್ದ ತಂಗಿಯನ್ನು ಹತ್ತಿರ ಕರೆದು, "ಇಲ್ಲಿ ನೋಡಿ" ಎಂದರು. ಬಲಗಣ್ಣಿಗೆ ಬೆಳಕು ಬಿದ್ದಾಗ ಎರಡೂ ಪಾಪೆಗಳು ಕಿರಿದಾದವು. ಅದೇ ಬೆಳಕು ಎಡಗಣ್ಣಿಗೆ ಬಂದಾಗ ಪಾಪೆ ಕಿರಿದಾಗುವ ಬದಲು ಅಗಲವಾಯಿತು. "ಅಕ್ಕ, ಅದಕ್ಕೆ ಬೆಳಕು ಬಿದ್ದದ್ದೇ ಗೊತ್ತಾಗ್ತಿಲ್ಲ" ಎಂದಳು ತಂಗಿ. ಬೆಳಕು ಒಳಗೆ ಹೋಗುತ್ತಿತ್ತು. ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಅವರು ಹೇಳಿದ ಹೆಸರು ಆಪ್ಟಿಕ್ ನ್ಯೂರೈಟಿಸ್. ಅಂದರೆ ಕಣ್ಣಿನ ನರದ ಉರಿಯೂತ. ಮೊದಲನೆಯವರಿಗೆ ಯಾಕೆ ಕಾಣಲಿಲ್ಲ ಎಂದು ಕೇಳಿದೆ. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಊತ ಗುಡ್ಡೆಯ ಹಿಂದೆ ಇರುತ್ತದಂತೆ. ಒಳಗೆ ನೋಡಿದರೆ ನರದ ತುದಿ ಮಾಮೂಲಿಯಾಗೇ ಕಾಣುತ್ತದೆ. ಇದರ ಬಗ್ಗೆ ಡಾಕ್ಟರುಗಳಲ್ಲೇ ಒಂದು ಹಳೆಯ ಮಾತಿದೆಯಂತೆ: ರೋಗಿಗೂ ಏನೂ ಕಾಣಲ್ಲ, ಡಾಕ್ಟರಿಗೂ ಏನೂ ಕಾಣಲ್ಲ.

ಅವರು ಕಾಗದದ ಮೇಲೆ ಒಂದು ತಂತಿ ಬರೆದರು, ಅದರ ಸುತ್ತ ಒಂದು ಹೊದಿಕೆ ಬರೆದರು. ಹೊದಿಕೆಯ ಹೆಸರು ಮಯಲಿನ್. ನರದ ಸಂಕೇತ ಬೇಗ ಓಡುವುದು ಇದರಿಂದಲೇ. ನನ್ನ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳು ಎಂಬ ಒಂದು ಗುಂಪು ಈ ಹೊದಿಕೆಯನ್ನೇ ಹೊರಗಿನದ್ದು ಅಂದುಕೊಂಡಿವೆ. ರಕ್ತದಿಂದ ನರದೊಳಗೆ ನುಗ್ಗಿ ಅಲ್ಲಿ ಉರಿಯೂತ ಎಬ್ಬಿಸಿವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕಣ್ಣಾಡಿಸಿದರೆ ನೋವಾಗುವುದಕ್ಕೂ ಕಾರಣ ಇದೇ. ಕಣ್ಣನ್ನು ಎಳೆಯುವ ಸ್ನಾಯುಗಳು ಊದಿದ ನರದ ಕವಚಕ್ಕೆ ತಾಗಿಕೊಂಡೇ ಇರುತ್ತವೆ.

ಇಲ್ಲಿಯವರೆಗೆ ಅರ್ಥವಾಯಿತು. ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಅರ್ಥವಾಗಲು ಆರು ತಿಂಗಳು ಬೇಕಾಯಿತು. "ಈ ತಂತಿ ಬೇರೆ ಅಲ್ಲ, ರೆಟಿನಾ ಬೇರೆ ಅಲ್ಲ" ಎಂದಿದ್ದರು. ರೆಟಿನಾ ಎಂದರೆ ಗುಡ್ಡೆಯ ಒಳಗೆ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆ.

ಎಂಆರ್‌ಐ ಆಯಿತು. ಕೈಗೆ ಗ್ಯಾಡೋಲಿನಿಯಂ ಎಂಬ ದ್ರವ ಚುಚ್ಚಿ ತೆಗೆದ ಚಿತ್ರದಲ್ಲಿ ಎಡ ನರ ಬೆಳ್ಳಗೆ ಹೊಳೆಯುತ್ತಿತ್ತು. ಆರೋಗ್ಯವಾಗಿರುವ ನರದೊಳಕ್ಕೆ ರಕ್ತನಾಳದಿಂದ ಆ ದ್ರವ ಸೋರುವುದಿಲ್ಲ. ಸೋರಿದೆ ಎಂದರೆ ತಡೆಗೋಡೆ ಒಡೆದಿದೆ ಎಂದರ್ಥ. ಮಿದುಳಿನಲ್ಲಿ ಬೇರೆ ಕಲೆಗಳಿವೆಯಾ ಎಂದೂ ನೋಡಿದರು. ಇರಲಿಲ್ಲ. ಅದು ಯಾಕೆ ಮುಖ್ಯ ಎಂದು ಆಮೇಲೆ ತಿಳಿಯಿತು. ಈ ಕಾಯಿಲೆ ಕೆಲವರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮೊದಲ ಹೆಜ್ಜೆ, ಅಂದರೆ ಮಿದುಳು, ಬೆನ್ನುಹುರಿಗಳಲ್ಲೂ ಮಯಲಿನ್ ಮೇಲೆ ಇಂಥದ್ದೇ ದಾಳಿ ನಡೆಯುವ ಕಾಯಿಲೆಯದು. ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ರೋಗಿಗಳನ್ನು 15 ವರ್ಷ ಹಿಂಬಾಲಿಸಿ ನೋಡಿದರು. ಮೊದಲ ಎಂಆರ್‌ಐಯಲ್ಲಿ ಕಲೆಗಳಿಲ್ಲದವರಲ್ಲಿ ಸುಮಾರು 25% ಜನರಿಗೆ ಆ ಕಾಯಿಲೆ ಬಂತು. ಒಂದಾದರೂ ಕಲೆ ಇದ್ದವರಲ್ಲಿ 72%. ನಾಲ್ಕರಲ್ಲಿ ಒಂದು ಎನ್ನುವುದನ್ನು ಸಮಾಧಾನ ಅನ್ನಬೇಕಾ, ಆತಂಕ ಅನ್ನಬೇಕಾ? ನಾನು ದಿನಕ್ಕೊಂದು ಥರ ಅಂದುಕೊಂಡಿದ್ದೇನೆ.

ರಕ್ತವನ್ನೂ ತೆಗೆದರು, ಎರಡು ಪ್ರತಿಕಾಯಗಳನ್ನು, ಅಂದರೆ ಮೈಯ ರಕ್ಷಣಾ ವ್ಯವಸ್ಥೆ ಮಾಡುವ, ಗುರಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ಹುಡುಕುವುದಕ್ಕೆ. ಒಂದು ಅಕ್ವಾಪೊರಿನ್-4 ಎಂಬ ನೀರಿನ ಕಾಲುವೆಯ ಮೇಲೆ ಕೂರುವಂಥದ್ದು, 2004ರಲ್ಲಿ ಗುರುತಿಸಿದ್ದು. ಇದು ನರಕ್ಕೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳನ್ನು ಹಿಡಿಯುತ್ತದೆ. ರೆಟಿನಾದ ಮುಲ್ಲರ್ ಕೋಶಗಳಲ್ಲೂ ಅದೇ ಕಾಲುವೆ ಇದೆ. ಈ ಬಗೆಯಲ್ಲಿ ಒಂದೇ ದಾಳಿಗೆ ಬಹಳಷ್ಟು ದೃಷ್ಟಿ ಹೋಗಿಬಿಡಬಹುದು, ಚಿಕಿತ್ಸೆಯ ದಾರಿಯೂ ಬೇರೆ. ಇನ್ನೊಂದು ಮಾಗ್ (MOG) ಎಂಬ ಮಯಲಿನ್ ಪ್ರೋಟೀನಿನ ಮೇಲಿನದು. ವರದಿ ಬರುವವರೆಗೆ ಕಾಯ್ದ ದಿನಗಳು ಇಡೀ ವರ್ಷದಲ್ಲೇ ಉದ್ದದವು. ಎರಡೂ ಇಲ್ಲ ಎಂದು ಬಂತು.

ಚಿಕಿತ್ಸೆ ಮಾತ್ರ ವರದಿಗೆ ಕಾಯಲಿಲ್ಲ. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 1 ಗ್ರಾಂ ಲೆಕ್ಕದಲ್ಲಿ ಮೂರು ದಿನ ಡ್ರಿಪ್ ಹಾಕಿದರು. ಆಮೇಲೆ ಕೆಲವು ದಿನ ಮಾತ್ರೆ. ಶುರು ಮಾಡುವ ಮೊದಲು ಸಕ್ಕರೆ, ಬಿಪಿ ನೋಡಿದರು. ಡ್ರಿಪ್ ಹತ್ತುತ್ತಿದ್ದ ಹಾಗೇ ಬಾಯಲ್ಲಿ ಲೋಹ ಕಚ್ಚಿದ ರುಚಿ. ಮುಖ ಕೆಂಪಗೆ ಬಿಸಿ. ರಾತ್ರಿ ಕಣ್ಣು ಮುಚ್ಚಿದರೂ ನಿದ್ದೆಯ ಸುಳಿವಿಲ್ಲ, ಮನಸ್ಸು ನಾಗಾಲೋಟ. ಕಾರಣವಿಲ್ಲದೆ ತಂಗಿಯ ಮೇಲೆ ರೇಗಿದೆ, ಹತ್ತು ನಿಮಿಷಕ್ಕೆ ಅತ್ತೆ. ಯಾರಿಗಾದರೂ ಈ ಡ್ರಿಪ್ ಹಾಕುತ್ತಿದ್ದರೆ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು. ಅದು ಔಷಧಿಯ ಕೆಲಸ, ಆ ಮನುಷ್ಯರ ಸ್ವಭಾವ ಅಲ್ಲ.

ಎರಡನೇ ದಿನ ಡಾಕ್ಟರನ್ನು ಕೇಳಿದೆ, "ಇದರಿಂದ ನನ್ನ ಕಣ್ಣು ಉಳಿಯುತ್ತಾ?" ಅವರು ಮುಚ್ಚುಮರೆ ಮಾಡಲಿಲ್ಲ. ಇದು ಚೇತರಿಕೆಯನ್ನು ಬೇಗ ಮಾಡುತ್ತದೆ, ಆದರೆ ಕೊನೆಗೆ ಎಷ್ಟು ದೃಷ್ಟಿ ಉಳಿಯುತ್ತದೆ ಎನ್ನುವುದನ್ನು ಅಷ್ಟಾಗಿ ಬದಲಿಸುವುದಿಲ್ಲ ಎಂದರು. ಅದೇ ಅಮೆರಿಕದ ಅಧ್ಯಯನದ ಮೊದಲ ಫಲಿತಾಂಶ 1992ರಲ್ಲಿ ಬಂದಾಗ ತಿಳಿದದ್ದು ಇದು. ಡ್ರಿಪ್ ಇಲ್ಲದೆ ಮಾಮೂಲಿ ಪ್ರಮಾಣದ ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಕಾಯಿಲೆ ಮರುಕಳಿಸಿದ್ದು ಜಾಸ್ತಿ ಎಂದೂ ಅದರಲ್ಲೇ ಗೊತ್ತಾಯಿತು. ಅವರು ಹಾಗೆ ನೇರವಾಗಿ ಹೇಳಿದ್ದು ನನಗೆ ಆಗ ಕಹಿಯಾಯಿತು. ಈಗ ಯೋಚಿಸಿದರೆ, ಆಮೇಲಿನ ಎಲ್ಲವನ್ನೂ ತಡೆದುಕೊಳ್ಳಲು ಆಗಿದ್ದು ಆ ಉತ್ತರದಿಂದಲೇ.

ಎರಡನೇ ವಾರ ನೋವು ಪೂರ್ತಿ ಹೋಯಿತು. ಮೂರನೇ ವಾರ ಒಂದು ಬೆಳಿಗ್ಗೆ ಬಲಗಣ್ಣು ಮುಚ್ಚಿ ಕಿಟಕಿ ನೋಡಿದರೆ ಸರಳುಗಳನ್ನು ಎಣಿಸಲು ಆಯಿತು. ತಿಂಗಳೊಳಗೆ ಕಣ್ಣಿನ ಬೋರ್ಡಿನಲ್ಲಿ 6/12, ಎರಡೂವರೆ ತಿಂಗಳಿಗೆ 6/6, ಅಂದರೆ ಮಾಮೂಲಿ ದೃಷ್ಟಿ. ಕೆಂಪು ನೋಟ್‌ಬುಕ್ ಮಾತ್ರ ಪೂರ್ತಿ ಕೆಂಪಾಗಿರಲಿಲ್ಲ. ಆದರೂ ಮನೆಯವರೆಲ್ಲ ಸಂಭ್ರಮಪಟ್ಟರು. ನಾನೂ ಪಟ್ಟೆ.

ಕೆಲವು ವಿಚಿತ್ರಗಳು ಉಳಿದವು. ಬಿಸಿನೀರಿನ ಸ್ನಾನ ಮಾಡಿದರೆ, ಮೆಟ್ಟಿಲು ಬೇಗ ಹತ್ತಿದರೆ ಎಡಗಣ್ಣು ಮಸುಕಾಗುತ್ತಿತ್ತು. ಮೈ ತಣ್ಣಗಾದರೆ ಸರಿ. ಕಾಯಿಲೆ ಮತ್ತೆ ಬಂತೆಂದು ಮೊದಲ ಸಲ ಜೀವ ಬಾಯಿಗೆ ಬಂದಿತ್ತು. ಹೊದಿಕೆ ಕಳೆದುಕೊಂಡ ನರಕ್ಕೆ ಮೈ ಸ್ವಲ್ಪ ಬಿಸಿಯಾದರೂ ಸಂಕೇತ ದಾಟಿಸುವುದು ಕಷ್ಟವಂತೆ. 1890ರಲ್ಲೇ ಉಥಾಫ್ ಎಂಬ ಜರ್ಮನ್ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಇನ್ನೊಂದು, ಎಸೆದ ಚೆಂಡು ನೇರ ಬಂದರೂ ಬಳಸಿಕೊಂಡು ಬಂದಂತೆ ಕಾಣುತ್ತಿತ್ತು. ಒಂದು ಕಣ್ಣಿನ ಸುದ್ದಿ ತಡವಾಗಿ ಮುಟ್ಟಿದರೆ ಎರಡನ್ನೂ ಸೇರಿಸುವ ಮಿದುಳು ಹೀಗೆ ಮೋಸ ಹೋಗುತ್ತದೆ. ಎಷ್ಟು ತಡ ಎಂದು ಅಳೆಯುವ ಪರೀಕ್ಷೆಯೂ ಇದೆ. ಚೌಕಗಳು ಅದಲುಬದಲಾಗುವ ಪರದೆ ನೋಡುತ್ತಾ ಕೂರಬೇಕು, ತಲೆಯ ಹಿಂದೆ ತಂತಿ ಅಂಟಿಸಿರುತ್ತಾರೆ. ಬಲಗಣ್ಣಿನ ಸುದ್ದಿ ಮಿದುಳಿನ ಹಿಂಭಾಗಕ್ಕೆ 102 ಮಿಲಿಸೆಕೆಂಡಿಗೆ ತಲುಪಿತು. ಎಡಗಣ್ಣಿನದು 138ಕ್ಕೆ.

ಇನ್ನು ಒಸಿಟಿಯ ಮಾತು. ಈ ಬರಹಕ್ಕೆ ಕೂತದ್ದೇ ಅದಕ್ಕಾಗಿ.

ಒಸಿಟಿ ಎಂದರೆ ಬೆಳಕಿನಿಂದ ರೆಟಿನಾದ ಪದರಗಳನ್ನು ಸೀಳಿದಂತೆ ತೋರಿಸುವ ಯಂತ್ರ. 1991ರಲ್ಲಿ ಮೊದಲು ಪ್ರಕಟವಾದ ತಂತ್ರ. ಮುಟ್ಟುವುದಿಲ್ಲ, ಚುಚ್ಚುವುದಿಲ್ಲ. ಗಲ್ಲ ಊರಿ ಒಂದು ಚುಕ್ಕಿ ನೋಡಿದರೆ ಕೆಲವು ಸೆಕೆಂಡಿನಲ್ಲಿ ಮುಗಿಯಿತು. ಕಾಯಿಲೆ ಬಂದ ವಾರವೇ ಒಮ್ಮೆ ಮಾಡಿದ್ದರು. ನರತಂತುಗಳ ಪದರ ಬಲಗಣ್ಣಿನಲ್ಲಿ 101 ಮೈಕ್ರಾನ್, ಹೆಚ್ಚುಕಡಿಮೆ ಒಂದು ಸಾಮಾನ್ಯ ಕಾಗದದ ದಪ್ಪ. ಎಡಗಣ್ಣಿನಲ್ಲಿ 112. ಎಡಗಣ್ಣಿನದೇ ದಪ್ಪ ಇದೆಯಲ್ಲ ಎಂದು ನನಗೆ ಖುಷಿಯಾಗಿತ್ತು. "ಈ ಸಂಖ್ಯೆ ನಂಬಬೇಡಿ, ಇದು ಊತ. ಊತ ಇಳಿದ ಮೇಲೆ ನಿಜ ಕಾಣುತ್ತೆ" ಎಂದಿದ್ದರು ಡಾಕ್ಟರು.

ಮೂರು ತಿಂಗಳಿಗೆ 84. ಆರು ತಿಂಗಳಿಗೆ 79.

ಪಕ್ಕದಲ್ಲೇ ಇನ್ನೊಂದು ನಕ್ಷೆ ಇತ್ತು, ಗ್ಯಾಂಗ್ಲಿಯಾನ್ ಕೋಶಗಳ ಪದರದ್ದು. ಬಲಗಣ್ಣಿನಲ್ಲಿ 83, ಎಡಗಣ್ಣಿನಲ್ಲಿ 68. ಬಲಗಣ್ಣಿನ ನಕ್ಷೆ ಪೂರ್ತಿ ಹಸಿರು, ಎಡಗಣ್ಣಿನದು ಪೂರ್ತಿ ಕೆಂಪು. ನನಗೆ ಮಾತು ಹೊರಡಲಿಲ್ಲ. ಬೋರ್ಡಿನ ಕೊನೆಯ ಸಾಲು ಓದುತ್ತಿದ್ದೇನೆ, ನೋವಿಲ್ಲ, ಎಂಆರ್‌ಐಯಲ್ಲಿ ಹೊಳಪಿಲ್ಲ. ಉರಿಯೂತ ಹೋಗಿ ತಿಂಗಳುಗಳಾದವು. ಮತ್ತೆ ಈ ಪದರ ಯಾವಾಗ ಹೋಯಿತು? ಯಾರು ತೆಗೆದುಕೊಂಡು ಹೋದರು?

ಆಗ ಹಳೆಯ ಮಾತು ನೆನಪಾಯಿತು. ತಂತಿ ಬೇರೆ ಅಲ್ಲ, ರೆಟಿನಾ ಬೇರೆ ಅಲ್ಲ.

ರೆಟಿನಾದ ಒಳಭಾಗದಲ್ಲಿ ಗ್ಯಾಂಗ್ಲಿಯಾನ್ ಕೋಶಗಳು ಕೂತಿವೆ. ಒಂದು ಕಣ್ಣಿಗೆ ಸುಮಾರು 10 ಲಕ್ಷದಿಂದ 12 ಲಕ್ಷ. ಪ್ರತಿ ಕೋಶಕ್ಕೂ ಒಂದು ಉದ್ದನೆಯ ಬಾಲ ಇದೆ. ಆ ಬಾಲ ರೆಟಿನಾದ ಮೇಲೆ ಹರಿದು, ಗುಡ್ಡೆಯ ಹಿಂದಿನಿಂದ ಹೊರಟು, ಮಿದುಳಿನ ಒಳಗೆ ಬಹಳ ದೂರ ಹೋಗುತ್ತದೆ. ನಾವು ಆಪ್ಟಿಕ್ ನರ ಎನ್ನುವುದು ಈ ಬಾಲಗಳ ಕಟ್ಟು. ಕಣ್ಣಿನ ಒಳಗೆ ಅವುಗಳಿಗೆ ಮಯಲಿನ್ ಇರುವುದಿಲ್ಲ, ಗುಡ್ಡೆ ದಾಟಿದ ಮೇಲೆ ಹೊದಿಕೆ ಶುರು. ನನ್ನ ಉರಿಯೂತ ಇದ್ದದ್ದು ಆ ಹೊದಿಕೆ ಇರುವ ಕಡೆ. ಸತ್ತ ಕೋಶಗಳು ಇದ್ದದ್ದು ರೆಟಿನಾದಲ್ಲಿ. ಬಾಲಕ್ಕೆ ಪೆಟ್ಟು ಬಿದ್ದರೆ ತಲೆ ಸಾಯುತ್ತದೆ, ಸ್ವಲ್ಪ ತಡವಾಗಿ, ಸದ್ದಿಲ್ಲದೆ.

ಆ ಸಾವು ಹೇಗಾಗುತ್ತದೆ ಎಂದು ತಿಳಿಯದೆ ನನಗೆ ನೆಮ್ಮದಿ ಇರಲಿಲ್ಲ. ಓದಿದೆ, ಡಾಕ್ಟರನ್ನು ಪ್ರತಿ ಸಲವೂ ಕಾಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಾನು ತಿಳಿದುಕೊಂಡದ್ದು ಹೀಗಿದೆ.

ಹೊದಿಕೆ ಇದ್ದಾಗ ಸಂಕೇತ ಜಿಗಿಯುತ್ತಾ ಹೋಗುತ್ತದೆ, ಖರ್ಚು ಕಡಿಮೆ. ಹೊದಿಕೆ ಹೋದರೆ ಬಾಲ ತನ್ನ ಮೈತುಂಬಾ ಸೋಡಿಯಂ ಬಾಗಿಲುಗಳನ್ನು ತೆರೆದುಕೊಂಡು ಹೇಗೋ ಸಂಕೇತ ದಾಟಿಸುತ್ತದೆ. ಒಳನುಗ್ಗಿದ ಸೋಡಿಯಂ ಅನ್ನು ಹೊರಹಾಕಲು ಶಕ್ತಿ ಬೇಕು. ಅದೇ ಹೊತ್ತಿಗೆ ಉರಿಯೂತದ ಕೋಶಗಳು ಬಿಡುವ ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳು ಶಕ್ತಿ ಮಾಡುವ ಮೈಟೊಕಾಂಡ್ರಿಯಾವನ್ನೇ ಕೆಡಿಸುತ್ತವೆ. ಖರ್ಚು ಏರಿತು, ಆದಾಯ ಇಳಿಯಿತು. ಕೊನೆಗೆ ಕ್ಯಾಲ್ಸಿಯಂ ಒಳಗೆ ತುಂಬಿಕೊಂಡು ಬಾಲ ತುಂಡಾಗುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಆ ಸೋಡಿಯಂ ಬಾಗಿಲುಗಳನ್ನು ಮುಚ್ಚುತ್ತದೆ. ಅದನ್ನು ಆಪ್ಟಿಕ್ ನ್ಯೂರೈಟಿಸ್ ರೋಗಿಗಳಿಗೆ ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ನರತಂತು ಪದರದ ನಷ್ಟ ಸುಮಾರು 30% ಕಡಿಮೆಯಾಗಿತ್ತು. ದೃಷ್ಟಿಯಲ್ಲಿ ಎದ್ದು ಕಾಣುವ ವ್ಯತ್ಯಾಸ ಬರಲಿಲ್ಲ, ಹಾಗಾಗಿ ಅದು ಮಾಮೂಲಿ ಚಿಕಿತ್ಸೆ ಆಗಿಲ್ಲ. ಆದರೂ ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಪದರವನ್ನು ಉಳಿಸಲು ಸಾಧ್ಯ ಎಂದು ಮನುಷ್ಯರಲ್ಲೇ ಕಂಡಿದೆ, ಅಲ್ವಾ?

ಬಾಲ ತುಂಡಾದ ಸುದ್ದಿ ಹಿಂದಕ್ಕೆ, ರೆಟಿನಾದಲ್ಲಿರುವ ಕೋಶದ ತಲೆಗೆ ಮುಟ್ಟುತ್ತದೆ. ಅಲ್ಲಿ ಇನ್ನೊಂದು ಸುತ್ತು ಶುರುವಾಗುತ್ತದೆ. ರೆಟಿನಾದಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ರಕ್ತದಿಂದ ಆಗಾಗ ಬಂದುಹೋಗುವವಲ್ಲ, ಅಲ್ಲೇ ಮನೆ ಮಾಡಿದವು. ಸಣ್ಣ ಸಣ್ಣ ಕೊಂಬೆಗಳನ್ನು ಚಾಚಿ ಸುತ್ತಲಿನ ನರಕೋಶಗಳನ್ನು ಸದಾ ತಡವಿ ನೋಡುತ್ತಿರುತ್ತವೆ. ಎಲ್ಲೋ ಕೆಟ್ಟಿದೆ ಎಂದು ಗೊತ್ತಾದರೆ ಕೊಂಬೆಗಳನ್ನು ಒಳಗೆಳೆದುಕೊಂಡು ಉಂಡೆಯಾಗಿ ಅತ್ತ ಹೋಗುತ್ತವೆ, ಕಸ ತಿನ್ನುತ್ತವೆ, ರಾಸಾಯನಿಕ ಸಂದೇಶಗಳನ್ನು ಕಳಿಸುತ್ತವೆ.

ಆ ಸಂದೇಶಗಳ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಬೆನ್ ಬ್ಯಾರಿಸ್ ಮತ್ತು ಶೇನ್ ಲಿಡೆಲೋ ಅವರ ತಂಡ 2017ರಲ್ಲಿ ಒಂದು ದೊಡ್ಡ ಸಂಗತಿ ತೋರಿಸಿತು. ಮೈಕ್ರೋಗ್ಲಿಯಾ ಬಿಡುವ ಮೂರು ವಸ್ತುಗಳು, ಇಂಟರ್‌ಲ್ಯೂಕಿನ್-1 ಆಲ್ಫಾ, ಟಿಎನ್‌ಎಫ್ ಮತ್ತು ಸಿ1ಕ್ಯು, ಒಟ್ಟಿಗೆ ಸೇರಿದರೆ ಪಕ್ಕದ ಆಸ್ಟ್ರೋಸೈಟುಗಳ ಗುಣವೇ ಬದಲಾಗುತ್ತದೆ. ನರಕೋಶಕ್ಕೆ ಆಸರೆ ಕೊಡುತ್ತಿದ್ದವು ಅದನ್ನು ಕೊಲ್ಲುವ ವಿಷ ಬಿಡತೊಡಗುತ್ತವೆ. ಇಲಿಗಳ ಆಪ್ಟಿಕ್ ನರವನ್ನು ಜಜ್ಜಿದರೆ ಮಾಮೂಲಾಗಿ ಗ್ಯಾಂಗ್ಲಿಯಾನ್ ಕೋಶಗಳು ಸಾಯುತ್ತವೆ. ಆ ಮೂರು ಸಂದೇಶಗಳನ್ನು ತಡೆದಾಗ ಕೋಶಗಳು ಉಳಿದವು. ಇದನ್ನು ಓದಿ ನಾನು ಪುಟ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಡೆದಾಡಿದೆ. ಅಂದರೆ ಪೆಟ್ಟು ಬಿದ್ದ ಕೋಶ ಸಾಯಲೇಬೇಕು ಎಂದಿಲ್ಲ. ಪೆಟ್ಟಿಗೂ ಸಾವಿಗೂ ನಡುವೆ ಒಂದಿಷ್ಟು ಸಮಯ ಇದೆ. ಆ ಹೊತ್ತಿನಲ್ಲಿ ಪಕ್ಕದವರು ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದರ ಮೇಲೂ ಕೋಶದ ಗತಿ ನಿಂತಿದೆ.

ಸಿ1ಕ್ಯು ಎನ್ನುವುದು ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳ ಸರಪಳಿಯ ಮೊದಲ ಕೊಂಡಿ. ಮರಿ ಬೆಳೆಯುವಾಗ ಕಣ್ಣು ಮತ್ತು ಮಿದುಳಿನ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಸಂಪರ್ಕಗಳು ಹುಟ್ಟುತ್ತವೆ. ಬೇಡದವಕ್ಕೆ ಗುರುತು ಹಚ್ಚಿ ಸವರಿ ಹಾಕಲು ಇದೇ ಸಿ1ಕ್ಯು ಬೇಕು. ಗ್ಲಾಕೋಮಾ ಇರುವ ಇಲಿಗಳಲ್ಲಿ ದೊಡ್ಡವಾದ ಮೇಲೂ ಅದೇ ಗುರುತು ಮತ್ತೆ ಬೀಳುವುದನ್ನು 2007ರಲ್ಲೇ ಕಂಡಿದ್ದರು. ಅಪ್ಪನಿಗೆ ಗ್ಲಾಕೋಮಾ ಇದೆ. ಅದು ಬರೀ ಕಣ್ಣಿನೊಳಗಿನ ಒತ್ತಡದ ಕಾಯಿಲೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನನಗೂ ಅಪ್ಪನಿಗೂ ಬಂದ ಕಾಯಿಲೆ ಬೇರೆ ಬೇರೆ, ಆದರೆ ಸಾಯುವ ಕೋಶ ಒಂದೇ. ಅಪ್ಪ ಈಗ ಹನಿ ಹಾಕುವುದನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ರೋಗನಿರೋಧಕ ಶಕ್ತಿಯನ್ನು ನಾನು ಮೊದಲು ಬೇಲಿ ಎದ್ದು ಹೊಲ ಮೇಯ್ದಂತೆ ಎಂದೆ. ಈಗ ಹಾಗೆ ಹೇಳಲು ಮನಸ್ಸಿಲ್ಲ. ಮೈಕ್ರೋಗ್ಲಿಯಾದಂಥ ರಕ್ಷಣೆಯ ಕೋಶಗಳೇ ಕಸ ತೆಗೆಯದಿದ್ದರೆ ಹೊಸ ಮಯಲಿನ್ ಸರಿಯಾಗಿ ಬರುವುದಿಲ್ಲ. ನನ್ನ 6/6 ಬಂದದ್ದರಲ್ಲಿ ಊತ ಇಳಿದದ್ದರ ಜೊತೆ ಆ ದುರಸ್ತಿಯ ಪಾಲೂ ಇದೆ. ಎಲ್ಲವನ್ನೂ ಒಟ್ಟಿಗೆ ಅಡಗಿಸಿಬಿಟ್ಟರೆ ಕಣ್ಣು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇಮ್ಯೂನಿಟಿ ಹೆಚ್ಚಿಸುತ್ತೇವೆ ಎಂದು ಹೇಳಿ ಕೊಡುವ ಪುಡಿ, ಮಾತ್ರೆಗಳನ್ನೂ ನಾನು ಮುಟ್ಟುವುದಿಲ್ಲ. ನನ್ನ ತೊಂದರೆ ಅದು ಕಡಿಮೆ ಇದ್ದದ್ದಲ್ಲ.

ಪದರ ಇಷ್ಟು ತೆಳುವಾಗಿಯೂ ಓದಲು ಹೇಗೆ ಆಗುತ್ತಿದೆ ಎಂದು ಕೇಳಿದ್ದೆ. ಸುಮಾರು 75 ಮೈಕ್ರಾನ್‌ವರೆಗೆ ದೃಷ್ಟಿ ತಡೆದುಕೊಳ್ಳುತ್ತದೆ, ಅದಕ್ಕಿಂತ ಇಳಿದರೆ ನಷ್ಟ ಎದ್ದು ಕಾಣತೊಡಗುತ್ತದೆ ಎಂದರು. ನನ್ನದು 79. ಬಿಳಿ ಬೋರ್ಡಿನ ಕಪ್ಪು ಅಕ್ಷರ ಓದುವೆ. ಬೂದು ಕಾಗದದ ಮೇಲೆ ತಿಳಿಬೂದು ಅಕ್ಷರ ಇಟ್ಟರೆ ಎಡಗಣ್ಣು ಎರಡನೇ ಸಾಲಿಗೇ ನಿಲ್ಲುತ್ತದೆ. ಮುಸ್ಸಂಜೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತೇನೆ. ದೃಷ್ಟಿ ಸರಿಯಾಗಿದೆ ಎಂದು ಬೋರ್ಡು ನೋಡಿ ಹೇಳಿದವರಿಗೆ ಇದೆಲ್ಲ ಕಾಣುವುದಿಲ್ಲ. ಹಾಗಾಗಿ ಕಣ್ಣಾಡಿಸಿದರೆ ನೋವು, ಒಂದು ಕಣ್ಣಿಗೆ ಬಣ್ಣ ಪೇಲವ ಎಂದು ಯಾರಾದರೂ ಹೇಳಿದರೆ ನಾನು ತಕ್ಷಣ ಕೇಳುವುದು, ಟಾರ್ಚ್ ಆಡಿಸಿ ನೋಡಿದರಾ? ಬಣ್ಣದ ಪರೀಕ್ಷೆ ಮಾಡಿದರಾ? ಮಾಡಿಲ್ಲ ಎಂದರೆ ಅವತ್ತೇ ಇನ್ನೊಬ್ಬರ ಹತ್ತಿರ ಕಳಿಸುತ್ತೇನೆ.

ಒಂದು ವರ್ಷಕ್ಕೆ ಮತ್ತೆ ಒಸಿಟಿ ಆಯಿತು. ಒಳಗೆ ಹೋಗುವ ಮೊದಲು ತಂಗಿಯ ಕೈ ಹಿಡಿದುಕೊಂಡಿದ್ದೆ. 79. ಆರು ತಿಂಗಳಲ್ಲಿ ಒಂದು ಮೈಕ್ರಾನ್ ಕೂಡ ಇಳಿದಿರಲಿಲ್ಲ. ತಲೆಗೆ ತಂತಿ ಅಂಟಿಸುವ ಪರೀಕ್ಷೆಯಲ್ಲಿ 138 ಇದ್ದದ್ದು 121ಕ್ಕೆ ಬಂದಿತ್ತು. ಹೊದಿಕೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಕಟ್ಟುತ್ತಿದೆ ಎಂದರು ಡಾಕ್ಟರು. ಎಂಆರ್‌ಐ ಮುಂದಿನ ತಿಂಗಳಿಗೆ ಇದೆ. ಕೆಂಪು ನೋಟ್‌ಬುಕ್ ಈಗಲೂ ಮೇಜಿನ ಮೇಲಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದೊಂದೇ ಕಣ್ಣು ಮುಚ್ಚಿ ಅದನ್ನು ನೋಡುತ್ತೇನೆ.